ಒಪ್ಪಿ ಸಹಿ ಹಾಕಿದ ಮೇಲೆ ಅನ್ಯಾಯದ ಮಾತೆಲ್ಲಿ? ಬಂಡವಾಳಶಾಹಿಯಲ್ಲಿ ಮಾಲೀಕ–ನೌಕರ ಸಂಬಂಧ ಕುರಿತು ಚರ್ಚೆ

ಲೆಕ್ಕದವನು

ಬಂಡವಾಳಶಾಹಿ ವ್ಯವಸ್ಥೆಯಲ್ಲಿ ಮಾಲೀಕನಿಗೂ ನೌಕರನಿಗೂ ಇರುವ ಸಂಬಂಧ ಹುಟ್ಟಿನಿಂದಲೇ ಅನ್ಯಾಯದ್ದು ಎನ್ನುವವರ ವಾದವನ್ನು ನಾನು ಬಹಳ ದಿನಗಳಿಂದ ಓದುತ್ತಾ ಬಂದಿದ್ದೇನೆ; ಆದರೆ ಅನ್ಯಾಯ ನಿಖರವಾಗಿ ಯಾವ ಹಂತದಲ್ಲಿ ನಡೆಯಿತು ಎಂದು ಕೇಳಿದರೆ ಸ್ಪಷ್ಟ ಉತ್ತರ ಸಿಕ್ಕಿಲ್ಲ. ಗುಲಾಮನನ್ನು ಖರೀದಿಸುತ್ತಿದ್ದರು, ಜೀತದಾಳನ್ನು ಸಾಲದಿಂದ ಕಟ್ಟಿಹಾಕುತ್ತಿದ್ದರು. ಸಂಬಳದ ನೌಕರನನ್ನು ಯಾರೂ ಕಟ್ಟಿಹಾಕಿಲ್ಲ. ಷರತ್ತುಗಳನ್ನು ಓದಿ, ಒಪ್ಪಿ, ಸಹಿ ಹಾಕಿ ಒಳಗೆ ಬರುತ್ತಾನೆ. ಬೇಡವೆನಿಸಿದ ದಿನ ರಾಜೀನಾಮೆ ಕೊಟ್ಟು ಹೊರಡುತ್ತಾನೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ತಯಾರಾದ ಸರಕು ಮಾರಾಟವಾಗಲು ತಿಂಗಳುಗಳೇ ಹಿಡಿಯಬಹುದು, ಮಾರಾಟವಾಗದೆ ಗೋದಾಮಿನಲ್ಲೇ ಕೊಳೆಯಲೂಬಹುದು. ಆದರೆ ನೌಕರನ ಸಂಬಳ ತಿಂಗಳ ಕೊನೆಗೆ ಬಂದೇ ಬರುತ್ತದೆ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಬೋಮ್-ಬಾವರ್ಕ್ 1896ರಲ್ಲೇ ಮಾರ್ಕ್ಸ್‌ಗೆ ಸವಿಸ್ತಾರವಾಗಿ ಉತ್ತರ ಬರೆದವರು. ಲಾಭದ ಬಗ್ಗೆ ಅವರ ವಿವರಣೆಯ ತಿರುಳೂ ಇದೇ: ನಾಳೆ ಬರುವ ಹಣಕ್ಕಿಂತ ಇಂದು ಕೈಗೆ ಬರುವ ಹಣಕ್ಕೆ ಬೆಲೆ ಹೆಚ್ಚು, ಆ ಕಾಯುವಿಕೆಯನ್ನು ಬಂಡವಾಳ ಹಾಕಿದವನು ಹೊರುತ್ತಾನೆ. ಕಾನೂನು ಮುರಿಯುವ ಮಾಲೀಕರ ವಿಚಾರ ಬೇರೆ, ಅದನ್ನು ಇಲ್ಲಿ ತರಬೇಡಿ. ಕಾನೂನಿಗೆ ತಲೆಬಾಗಿ ನಡೆಯುವ ಮಾಲೀಕನ ಬಳಿಯೂ ನೌಕರನಿಗೆ ಅನ್ಯಾಯವಾಗುತ್ತಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮೂರನೇ ಪಾಳಿ

ತಾವು ಓದಿ ಒಪ್ಪಿದ್ದು ಎನ್ನುತ್ತೀರಿ, ಸರ್. ನನ್ನ ನೇಮಕಾತಿ ಪತ್ರದಲ್ಲಿ ಹದಿನಾಲ್ಕು ಷರತ್ತುಗಳಿವೆ. ಆರನೆಯದು ಹೀಗಿದೆ: ಮೇಲೆ ಹೇಳಿದ ಕರ್ತವ್ಯಗಳ ಜೊತೆಗೆ ಆಡಳಿತ ವರ್ಗವು ಕಾಲಕಾಲಕ್ಕೆ ವಹಿಸುವ ಇತರ ಕೆಲಸಗಳನ್ನೂ ನೌಕರರು ನಿರ್ವಹಿಸತಕ್ಕದ್ದು. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಉಳಿದ ಹದಿಮೂರು ಷರತ್ತುಗಳು ನನ್ನ ಬದುಕಿನಲ್ಲಿ ಅಪರೂಪಕ್ಕೆ ಮಾತನಾಡಿವೆ, ಈ ಆರನೆಯದು ದಿನವೂ ಮಾತನಾಡುತ್ತದೆ. ಪಾಳಿ ಬದಲಾಗುವುದು, ಇನ್ನೊಂದು ವಿಭಾಗಕ್ಕೆ ಹೋಗಿ ನಿಲ್ಲುವುದು, ಭಾನುವಾರ ಬರುವುದು ಎಲ್ಲವೂ ಅದರೊಳಗೇ ಅಡಗಿವೆ. ಬರೆಯದೇ ಬಿಟ್ಟ ಜಾಗಕ್ಕೆ ನಾನು ಸಹಿ ಹಾಕಿದ್ದೇನೆ, ಅದನ್ನು ತುಂಬುವವರು ಮಾತ್ರ ಅವರು.

ಒಂದು ಚಿಕ್ಕ ಸಂಗತಿ ಹೇಳುತ್ತೇನೆ. ಪಾಳಿ ಮುಗಿದು ಹಾಜರಿ ಯಂತ್ರಕ್ಕೆ ಬೆರಳು ಒತ್ತಿದ ನಂತರ ಗೇಟಿನ ಬಳಿ ಚೀಲ ತಪಾಸಣೆಗೆ ಸಾಲು ನಿಲ್ಲಬೇಕು. ಇರುವುದು ಒಂದೇ ಮೇಜು, ಒಬ್ಬರೇ ಕಾವಲಿನವರು, ಹೊರಗೆ ಹೋಗಬೇಕಾದವರು ಇನ್ನೂರು ಜನ. ಹಿಂದೆ ಸಿಕ್ಕಿಕೊಂಡರೆ ಇಪ್ಪತ್ತು ನಿಮಿಷ. ಬೆರಳು ಒತ್ತಿಯಾಗಿರುವುದರಿಂದ ಆ ಇಪ್ಪತ್ತು ನಿಮಿಷ ಕಂಪನಿಯ ಲೆಕ್ಕದಲ್ಲಿ ಇಲ್ಲ. ಆದರೆ ಸಾಲು ಬಿಟ್ಟು ಹೊರಡುವ ಸ್ವಾತಂತ್ರ್ಯವಿಲ್ಲದ ಕಾರಣ ಅದು ನನ್ನ ಲೆಕ್ಕದಲ್ಲೂ ಇಲ್ಲ. ಯಂತ್ರವನ್ನು ಮೇಜಿನ ಆಚೆಗೆ ಇಡಿ ಎಂದು ಕೇಳಿದೆವು. ಗೋಡೆಗೆ ವೈರಿಂಗ್ ಇಲ್ಲ ಎಂಬ ಉತ್ತರ ಬಂತು. ಆ ವೈರಿಂಗ್ ಇಂದಿಗೂ ಆಗಿಲ್ಲ.

ಇದೇ ಬಗೆಯ ಪ್ರಕರಣವೊಂದು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಗೋದಾಮಿನ ಕಾರ್ಮಿಕರು ಪಾಳಿಯ ನಂತರ ಭದ್ರತಾ ತಪಾಸಣೆಗೆ ಕಾಯುವ ಹೊತ್ತಿಗೆ ಕೂಲಿ ಕೇಳಿದ್ದರು. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕೊಡಬೇಕಾಗಿಲ್ಲ ಎಂದು 2014ರಲ್ಲಿ ನ್ಯಾಯಾಲಯ ಸರ್ವಾನುಮತದಿಂದ ತೀರ್ಪು ನೀಡಿತು. ತಾವು ಕೇಳಿದ ಕಾನೂನು ಮುರಿಯದ ಮಾಲೀಕ ಇವನೇ ಅಲ್ಲವೇ?

ಅರ್ಥಶಾಸ್ತ್ರದ ಮೇಷ್ಟ್ರು

ಮೂರನೇ ಪಾಳಿಯವರ ಆರನೇ ಷರತ್ತು ಈ ಚರ್ಚೆಯ ಬೀಗದ ಕೈ ಎಂದು ನನಗೆ ತೋರುತ್ತದೆ. 1937ರಲ್ಲಿ ರೊನಾಲ್ಡ್ ಕೋಸ್ ಬಹಳ ಸರಳವಾದ ಪ್ರಶ್ನೆಯೊಂದನ್ನು ಎತ್ತಿದರು: ಮಾರುಕಟ್ಟೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಾದರೆ ಕಂಪನಿ ಎಂಬುದು ಏಕೆ ಬೇಕು, ಪ್ರತಿ ಸಣ್ಣ ಕೆಲಸಕ್ಕೂ ಆಗಿಂದಾಗ್ಗೆ ಬೆಲೆ ಮಾತನಾಡಿ ಕೊಳ್ಳಬಹುದಲ್ಲವೇ? ಅವರೇ ಕೊಟ್ಟ ಉತ್ತರವೆಂದರೆ, ಹಾಗೆ ಪ್ರತಿ ಬಾರಿ ಬೆಲೆ ಹುಡುಕಿ ಒಪ್ಪಂದ ಮಾಡುವುದಕ್ಕೂ ಖರ್ಚಿದೆ. ಅದನ್ನು ಉಳಿಸಲು ನೌಕರನು ಒಂದು ಮಿತಿಯೊಳಗೆ ಮಾಲೀಕನ ಆದೇಶದಂತೆ ನಡೆಯಲು ಒಟ್ಟಾಗಿ ಒಪ್ಪಿಕೊಳ್ಳುತ್ತಾನೆ. ಖಾಲಿ ಜಾಗವಿಲ್ಲದ ಉದ್ಯೋಗ ಒಪ್ಪಂದ ಇರಲು ಸಾಧ್ಯವಿಲ್ಲ. ಹಾಗಾಗಿ ಖಾಲಿ ಜಾಗ ಇರುವುದೇ ಅನ್ಯಾಯವೆಂದು ನಾನು ಹೇಳಲಾರೆ. ಅದನ್ನು ಯಾರು ತುಂಬುತ್ತಾರೆ, ತುಂಬಿದ್ದು ಹಿಡಿಸದಿದ್ದರೆ ಏನು ಮಾಡಬಹುದು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಎದುರು ವಾದವೂ ಇದೆ, ಅದು ಚುರುಕಾದದ್ದೇ. ಮಾಲೀಕನಿಗೆ ವಿಶೇಷ ಅಧಿಕಾರವೇನೂ ಇಲ್ಲ, ಗ್ರಾಹಕನೊಬ್ಬ ಅಂಗಡಿ ಬದಲಿಸುವಂತೆ ಅವನು ನೌಕರನನ್ನು ಬದಲಿಸುತ್ತಾನೆ, ನೌಕರನೂ ಅವನನ್ನು ಬದಲಿಸುತ್ತಾನೆ ಎಂದು ಆಲ್ಚಿಯನ್ ಮತ್ತು ಡೆಮ್ಸೆಟ್ಜ್ 1972ರಲ್ಲಿ ಬರೆದರು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ, ನಾನು ಅಂಗಡಿ ಬದಲಿಸಿದರೆ ಅಂಗಡಿಯವನ ಮಕ್ಕಳ ಶಾಲೆ ತಪ್ಪುವುದಿಲ್ಲವಲ್ಲ ಎಂದಳು. ಆ ದಿನ ನನಗೆ ಬೇರೆ ಟಿಪ್ಪಣಿ ಬೇಕಾಗಲಿಲ್ಲ.

ಲೆಕ್ಕದವನು

ಮೇಷ್ಟ್ರೇ, ಹೊರಡುವುದು ಕಷ್ಟ ಎಂಬುದು ಮಾಲೀಕನಿಗೂ ಅನ್ವಯಿಸುತ್ತದೆ. ಪಳಗಿದ ನೌಕರ ಇದ್ದಕ್ಕಿದ್ದಂತೆ ಬಿಟ್ಟುಹೋದರೆ ಕೆಲಸ ನಿಲ್ಲುತ್ತದೆ, ಹೊಸಬರನ್ನು ಹುಡುಕಿ ತರಬೇತಿ ಕೊಡಲು ಹಣವೂ ಕಾಲವೂ ಬೇಕು. ಕಷ್ಟ ಇಬ್ಬರಿಗೂ ಇರುವಾಗ ಒಬ್ಬರದನ್ನು ಮಾತ್ರ ಅನ್ಯಾಯ ಎನ್ನುವುದು ಹೇಗೆ?

ಹಳೆಯ ಸಂಘಟಕಿ

ಕಷ್ಟ ಇಬ್ಬರಿಗೂ ಇದೆ, ಆದರೆ ಒಂದೇ ತಕ್ಕಡಿಯಲ್ಲಿ ತೂಗುವಂಥದ್ದಲ್ಲ. ಇದನ್ನು ಹೇಳಲು ಮಾರ್ಕ್ಸ್ ಬೇಕಿಲ್ಲ, ಮುಕ್ತ ಮಾರುಕಟ್ಟೆಯ ಪಿತಾಮಹ ಎನಿಸಿಕೊಂಡ ಆಡಂ ಸ್ಮಿತ್ ಸಾಕು. ಮಾಲೀಕರು ಕೂಡಿಟ್ಟದ್ದರಲ್ಲಿ ಒಂದೆರಡು ವರ್ಷ ಬದುಕಬಲ್ಲರು, ಕೆಲಸವಿಲ್ಲದೆ ಅನೇಕ ಕಾರ್ಮಿಕರು ಒಂದು ವಾರವೂ ಬದುಕಲಾರರು ಎಂದು ಅವರು 1776ರಲ್ಲೇ ಬರೆದಿದ್ದಾರೆ. ಕೂಲಿ ಏರಿಸಬಾರದೆಂಬ ಮೌನ ಒಪ್ಪಂದ ಮಾಲೀಕರ ನಡುವೆ ಯಾವಾಗಲೂ ಇರುತ್ತದೆ, ಅದು ಯಾರ ಕಿವಿಗೂ ಬೀಳುವುದಿಲ್ಲ ಎಂಬುದೂ ಅವರದೇ ಮಾತಿನ ಸಾರ. ಹಳೆಯ ಕಾಲದ ಮಾತು ಎನ್ನುವಿರಾದರೆ, ಒಬ್ಬರ ಎಂಜಿನಿಯರುಗಳನ್ನು ಇನ್ನೊಬ್ಬರು ಕರೆಯಬಾರದೆಂದು ತಮ್ಮೊಳಗೆ ಮಾಡಿಕೊಂಡಿದ್ದ ಒಪ್ಪಂದಗಳ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ ಮೊದಲಾದ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತ್ತು. ನೌಕರರೇ ಹೂಡಿದ ದಾವೆಯಲ್ಲಿ ಈ ನಾಲ್ಕು ಕಂಪನಿಗಳು 41.5 ಕೋಟಿ ಡಾಲರ್ ಕೊಡಲು ಒಪ್ಪಿದ ರಾಜಿಗೆ 2015ರಲ್ಲಿ ನ್ಯಾಯಾಲಯದ ಅನುಮೋದನೆ ಸಿಕ್ಕಿತು. ಜಗತ್ತಿನಲ್ಲೇ ಬೇಡಿಕೆ ಹೆಚ್ಚಿರುವ ನೌಕರರ ಪಾಡು ಇದಾದರೆ ಗೇಟಿನ ಸಾಲಿನಲ್ಲಿ ನಿಂತವರ ಮಾತೇನು?

ಇನ್ನು ಸ್ವತಂತ್ರ ಒಪ್ಪಂದದ ಇತಿಹಾಸ. ಕಾರ್ಖಾನೆಗಳ ತವರಾದ ಬ್ರಿಟನ್‌ನಲ್ಲಿ 1875ರವರೆಗೆ ಒಡೆಯ–ಸೇವಕ ಕಾನೂನುಗಳು ಜಾರಿಯಲ್ಲಿದ್ದವು. ಮಾಲೀಕ ಒಪ್ಪಂದ ಮುರಿದರೆ ಅದು ಸಿವಿಲ್ ವ್ಯಾಜ್ಯ, ಪರಿಹಾರ ಕೊಟ್ಟರೆ ಮುಗಿಯಿತು. ಕಾರ್ಮಿಕ ಒಪ್ಪಂದ ಮುರಿದು ಕೆಲಸ ಬಿಟ್ಟುಹೋದರೆ ಅದು ಅಪರಾಧ, ಜೈಲಿಗೂ ಕಳುಹಿಸಬಹುದಿತ್ತು. ಮೊಕದ್ದಮೆಗಳು ವರ್ಷಕ್ಕೆ ಸಾವಿರಾರು ನಡೆಯುತ್ತಿದ್ದವು. ಕೂಲಿ ಹೆಚ್ಚಿಸಲು ಒಟ್ಟುಗೂಡುವುದನ್ನು 1799ರಲ್ಲಿ ನಿಷೇಧಿಸಿದ ಕಾನೂನು 1824ರವರೆಗೆ ಉಳಿಯಿತು. ಬೇಡವೆನಿಸಿದ ದಿನ ಹೊರಡುತ್ತಾನೆ ಎಂದು ತಾವು ಸಲೀಸಾಗಿ ಬರೆದ ಆ ಹಕ್ಕು ಮಾರುಕಟ್ಟೆಯ ಜೊತೆಗೇ ಹುಟ್ಟಿದ್ದಲ್ಲ. ಜೈಲಿಗೆ ಹೋದವರು ಅದನ್ನು ಸಂಪಾದಿಸಿಕೊಟ್ಟರು.

ಸಣ್ಣ ಉದ್ಯಮಿ

ಇಷ್ಟು ಹೊತ್ತು ಓದುತ್ತಾ ಇದ್ದೆ, ಈಗ ಬರೆಯದೆ ಇರಲಾಗುತ್ತಿಲ್ಲ. ನನ್ನ ಬಳಿ ಹನ್ನೆರಡು ಜನ ಕೆಲಸ ಮಾಡುತ್ತಾರೆ. ಯಂತ್ರಗಳಿಗಾಗಿ ಮನೆಯನ್ನು ಅಡವಿಟ್ಟಿದ್ದೇನೆ. ದೊಡ್ಡ ಗ್ರಾಹಕರೊಬ್ಬರು ಬಿಲ್ಲಿನ ಹಣವನ್ನು ಏಳು ತಿಂಗಳು ತಡೆಹಿಡಿದಾಗ ಹನ್ನೆರಡು ಜನರಿಗೂ ತಿಂಗಳ ಮೊದಲ ವಾರವೇ ಸಂಬಳ ಕೊಟ್ಟೆ, ನಾನು ಮಾತ್ರ ಏನನ್ನೂ ತೆಗೆದುಕೊಳ್ಳಲಿಲ್ಲ. ಎರಡು ವರ್ಷ ಪಕ್ಕದಲ್ಲೇ ನಿಂತು ಕೆಲಸ ಕಲಿಸಿದ ಹುಡುಗ ಸ್ವಲ್ಪ ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೋದ. ಅದು ಅವನ ಹಕ್ಕು, ತಪ್ಪೆನ್ನುವುದಿಲ್ಲ. ಆದರೆ ಆಡಂ ಸ್ಮಿತ್ ಹೇಳಿದ ಎರಡು ವರ್ಷ ಕುಳಿತು ಬದುಕಬಲ್ಲ ಮಾಲೀಕನನ್ನು ನಾನು ಕನ್ನಡಿಯಲ್ಲಿ ಕಂಡಿಲ್ಲ. ಎಲ್ಲ ಮಾಲೀಕರನ್ನೂ ಒಂದೇ ಗಾಣಕ್ಕೆ ಹಾಕಬೇಡಿ.

ಮಿಗುತಾಯ

ಉದ್ಯಮಿಗಳೇ, ತಮ್ಮ ಪ್ರಾಮಾಣಿಕತೆಯನ್ನು ಇಲ್ಲಿ ಯಾರೂ ಶಂಕಿಸುತ್ತಿಲ್ಲ. ಮಾರ್ಕ್ಸ್ ಕೂಡ ಶಂಕಿಸುತ್ತಿರಲಿಲ್ಲ. 1867ರಲ್ಲಿ ಪ್ರಕಟವಾದ ಅವರ ವಾದವನ್ನು ಮಾಲೀಕ ಕಳ್ಳ ಎಂಬ ಒಂದೇ ಪದಕ್ಕೆ ಇಳಿಸುವವರು ಅದನ್ನು ಓದಿಲ್ಲವೆಂದೇ ಅರ್ಥ. ಮಾಲೀಕನು ಪೂರ್ಣ ಬೆಲೆ ಕೊಟ್ಟೇ ಕೊಳ್ಳುತ್ತಾನೆ ಎಂಬಲ್ಲಿಂದ ಅವರು ಹೊರಡುತ್ತಾರೆ. ಕೊಳ್ಳುವುದು ಶ್ರಮವನ್ನಲ್ಲ, ಶ್ರಮಶಕ್ತಿಯನ್ನು, ಅಂದರೆ ದುಡಿಯುವ ಸಾಮರ್ಥ್ಯವನ್ನು. ಅದರ ಬೆಲೆ ನೌಕರನೂ ಅವನ ಕುಟುಂಬವೂ ಬದುಕಿ ನಾಳೆ ಮತ್ತೆ ಕೆಲಸಕ್ಕೆ ಬರಲು ಬೇಕಾದಷ್ಟು. ಎಂಟು ಗಂಟೆಯ ಪಾಳಿಯಲ್ಲಿ ಐದು ಗಂಟೆಗೆ ಆ ಬೆಲೆಯಷ್ಟು ಮೌಲ್ಯ ಹುಟ್ಟಿತೆಂದುಕೊಳ್ಳಿ. ಐದು ಗಂಟೆಗೆ ಯಂತ್ರ ನಿಲ್ಲುವುದಿಲ್ಲ. ಉಳಿದ ಮೂರು ಗಂಟೆಗಳ ಫಲವೇ ಮಿಗುತಾಯ ಮೌಲ್ಯ. ಮೋಸ ಎಲ್ಲಿಯೂ ನಡೆಯದೆ ಇದು ನಡೆಯುತ್ತದೆ. ತಾವು ಒಳ್ಳೆಯವರಾಗಿ ಆ ಮೂರು ಗಂಟೆಗಳನ್ನು ಬಿಟ್ಟುಕೊಟ್ಟರೆ ಪೈಪೋಟಿ ತಮ್ಮನ್ನೇ ಮುಳುಗಿಸುತ್ತದೆ. ಬಿಲ್ಲು ತಡೆಹಿಡಿದ ದೊಡ್ಡ ಗ್ರಾಹಕ ತಮಗೆ ಮಾಡಿದ್ದೂ ಇದೇ ಸರಪಳಿಯ ಇನ್ನೊಂದು ಕೊಂಡಿ.

ಅರ್ಥಶಾಸ್ತ್ರದ ಮೇಷ್ಟ್ರು

ಮಿಗುತಾಯ ಅವರೇ, ಆ ಐದು ಗಂಟೆ, ಮೂರು ಗಂಟೆಗಳ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮೌಲ್ಯವೆಲ್ಲ ಶ್ರಮದಿಂದಲೇ ಹುಟ್ಟುತ್ತದೆ ಎಂಬ ಆಧಾರವನ್ನು ತೆಗೆದರೆ ಅದು ನಿಲ್ಲುವುದಿಲ್ಲ. ಆದರೆ ನಮ್ಮ ಪಠ್ಯಗಳು ಅದರ ಜಾಗದಲ್ಲಿ ಇಟ್ಟ ಕಥೆಯನ್ನೂ ನಾನು ಕುರುಡಾಗಿ ನಂಬುವುದಿಲ್ಲ. ಪೈಪೋಟಿ ಇದ್ದಾಗ ಪ್ರತಿಯೊಬ್ಬ ನೌಕರನಿಗೂ ಅವನು ಉತ್ಪಾದನೆಗೆ ಸೇರಿಸಿದಷ್ಟೇ ಕೂಲಿ ಸಿಗುತ್ತದೆ ಎಂದು ಜಾನ್ ಬೇಟ್ಸ್ ಕ್ಲಾರ್ಕ್ 1899ರಲ್ಲಿ ವಾದಿಸಿದರು. ಆ ಪೈಪೋಟಿ ಇಲ್ಲದಿದ್ದರೆ? ಒಂದು ಸೀಮೆಯಲ್ಲಿ ಕೆಲಸ ಕೊಡುವವರು ಕೆಲವರೇ ಇದ್ದರೆ ಅವರು ಕೂಲಿಯನ್ನು ಆ ಮಟ್ಟದಿಂದ ಕೆಳಗೆ ಇಡಬಲ್ಲರು ಎಂದು ಜೋನ್ ರಾಬಿನ್ಸನ್ 1933ರಲ್ಲಿ ತೋರಿಸಿದರು.

ಅದನ್ನು ಪರೀಕ್ಷೆಗೆ ಒಡ್ಡಲು ಒಂದು ಅವಕಾಶ ಬಂದದ್ದು 1992ರಲ್ಲಿ. ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು, ನೆರೆಯ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಗಡಿಯ ಎರಡೂ ಬದಿಯ ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್, ಕೂಲಿ ಏರಿದ ಕಡೆ ಕೆಲಸಗಳು ಕಡಿಮೆಯಾದ ಗುರುತು ಸಿಗಲಿಲ್ಲವೆಂದು 1994ರಲ್ಲಿ ಪ್ರಕಟಿಸಿದರು. ಅವರ ಅಂಕಿಗಳನ್ನು ಪ್ರಶ್ನಿಸಿದವರೂ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ; ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನನ್ನ ಮಟ್ಟಿಗೆ ಇದರ ಅರ್ಥ ಇಷ್ಟೇ: ಮಾರುಕಟ್ಟೆಯ ಕೂಲಿ ಎಂಬುದು ಪ್ರಕೃತಿ ನಿಯಮದಂತೆ ಒಂದೇ ಬಿಂದುವಿನಲ್ಲಿ ನಿಂತಿರುವುದಿಲ್ಲ. ಅದಕ್ಕೊಂದು ಹರವು ಇದೆ, ಆ ಹರವಿನಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಲ ತೀರ್ಮಾನಿಸುತ್ತದೆ.

ಲೆಕ್ಕದವನು

ಮಾಲೀಕನೇ ಸ್ವಂತ ಲಾಭಕ್ಕಾಗಿ ಕೂಲಿ ಏರಿಸಿದ ಉದಾಹರಣೆಯೂ ಇದೆಯಲ್ಲ, ಮೇಷ್ಟ್ರೇ? 1914ರ ಜನವರಿಯಲ್ಲಿ ಫೋರ್ಡ್ ಕಂಪನಿ ಎಂಟು ಗಂಟೆಯ ದಿನಕ್ಕೆ ಐದು ಡಾಲರ್ ಘೋಷಿಸಿತು. ಯಾವ ಸಂಘವೂ, ಯಾವ ಸರ್ಕಾರವೂ ಅದನ್ನು ಬಲವಂತ ಮಾಡಿರಲಿಲ್ಲ.

ಮೂರನೇ ಪಾಳಿ

ಬಲವಂತ ಮಾಡಿದವರು ಇದ್ದರು ಸರ್, ಸಂಘ ಕಟ್ಟದೆ ಮಾಡಿದರು. 1913ರಲ್ಲಿ ಆ ಕಾರ್ಖಾನೆಯಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ ಶೇ. 370ರಷ್ಟಿತ್ತು, ಸುಮಾರು 14,000 ಜಾಗಗಳನ್ನು ತುಂಬಿಟ್ಟುಕೊಳ್ಳಲು ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಚಲಿಸುವ ಜೋಡಣೆ ಸಾಲಿನ ಮುಂದೆ ಜನ ನಿಲ್ಲುತ್ತಿರಲಿಲ್ಲ. ಹೊರಡಲು ಸಾಧ್ಯವಿದ್ದವರು ಹೊರಟದ್ದರಿಂದ ಕೂಲಿ ಏರಿತು. ನಾನು ಹೇಳುತ್ತಿರುವುದೂ ಅದನ್ನೇ.

ಆ ಐದು ಡಾಲರ್‌ನ ಹಿಂದೆಯೂ ಒಂದು ಆರನೇ ಷರತ್ತು ಇತ್ತು. ಅದರಲ್ಲಿ ಅರ್ಧದಷ್ಟು ಲಾಭದ ಪಾಲು ಎಂಬ ಹೆಸರಿನಲ್ಲಿ ಬರುತ್ತಿತ್ತು. ಅದು ಸಿಗಬೇಕಾದರೆ ನೌಕರ ಯೋಗ್ಯನೆನಿಸಿಕೊಳ್ಳಬೇಕು. ಕಂಪನಿಯ ಸಮಾಜಶಾಸ್ತ್ರ ವಿಭಾಗದ ತನಿಖೆಗಾರರು ಮನೆಗೇ ಬಂದು ಮನೆ ಚೊಕ್ಕಟವಾಗಿದೆಯೇ, ಕುಡಿಯುತ್ತಾನೆಯೇ, ಹಣ ಉಳಿಸುತ್ತಾನೆಯೇ ಎಂದು ವಿಚಾರಿಸುತ್ತಿದ್ದರು. ಸಂಬಳ ಚೆನ್ನಾಗಿದ್ದ ಮಾತ್ರಕ್ಕೆ ಸಂಬಂಧ ಚೆನ್ನಾಗಿರುತ್ತದೆ ಎಂದುಕೊಳ್ಳಬೇಡಿ.

ನನ್ನ ತಮ್ಮ ಆ್ಯಪ್ ಮೂಲಕ ಬಂಡಿ ಓಡಿಸುತ್ತಾನೆ. ಅವನಿಗೆ ಮೇಲ್ವಿಚಾರಕನೂ ಇಲ್ಲ, ನೇಮಕಾತಿ ಪತ್ರವೂ ಇಲ್ಲ, ಅವನು ಪಾಲುದಾರನಂತೆ. ಎರಡು ಸವಾರಿ ನಿರಾಕರಿಸಿದ ದಿನ ಫೋನು ಸುಮ್ಮನಾಗುತ್ತದೆ, ಏಕೆಂದು ಕೇಳಲು ಎದುರಿಗೆ ಮುಖವೇ ಇಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರನ್ನು ಸ್ವತಂತ್ರ ಗುತ್ತಿಗೆದಾರರೆನ್ನಲಾಗದು, ಅವರು ಕೆಲಸಗಾರರೇ ಎಂದು ಹೇಳಿದ್ದು ಇಂಥ ಹಿಡಿತವನ್ನು ನೋಡಿಯೇ: ದರವನ್ನು ಕಂಪನಿಯೇ ಗೊತ್ತುಮಾಡುತ್ತದೆ, ಷರತ್ತುಗಳನ್ನೂ ಅದೇ ಬರೆಯುತ್ತದೆ. ಮಾಲೀಕ ಎಂಬ ಹೆಸರು ಅಳಿಸಿದರೆ ಮಾಲೀಕತನ ಅಳಿಯುವುದಿಲ್ಲ.

ಲೆಕ್ಕದವನು

ಒಂದು ವಿಷಯದಲ್ಲಿ ನಾನು ಹಿಂದೆ ಸರಿಯುತ್ತೇನೆ. ಸಹಿ ಹಾಕಿದ್ದೇ ನ್ಯಾಯಕ್ಕೆ ಸಾಕ್ಷಿ ಎಂದು ಮೊದಲು ಬರೆದದ್ದು ಅವಸರದ ಮಾತಾಯಿತು. ಯಾವುದಕ್ಕೆ ಸಹಿ ಹಾಕಿದೆವು ಎಂಬುದೇ ಪೂರ್ತಿ ಬರೆದಿಲ್ಲದಿರುವಾಗ ಒಪ್ಪಿಗೆಗೆ ಅಷ್ಟು ತೂಕ ಕೊಡಲಾಗದು. ಆದರೆ ಸಂಬಂಧವೇ ಅನ್ಯಾಯದ್ದು ಎನ್ನುವವರು ಅದರ ಬದಲಿಗೆ ಏನನ್ನು ತರುತ್ತಾರೆ? ಬಂಡವಾಳಗಾರರನ್ನು ತೆಗೆದುಹಾಕಿ ಸರ್ಕಾರವೊಂದೇ ಮಾಲೀಕನಾದ ಸೋವಿಯತ್ ಒಕ್ಕೂಟದಲ್ಲಿ 1940ರ ಜೂನ್‌ನಿಂದ ಅನುಮತಿಯಿಲ್ಲದೆ ಕೆಲಸ ಬಿಡುವುದು ಜೈಲು ಶಿಕ್ಷೆಯ ಅಪರಾಧವಾಗಿತ್ತು, ಆ ಕಾನೂನು ರದ್ದಾದದ್ದು 1956ರಲ್ಲಿ. ಸಂಘಟಕಿಯವರು ಹೇಳಿದ ಒಡೆಯ–ಸೇವಕ ಕಾನೂನು ಅಲ್ಲಿ ಮರುಜನ್ಮ ಪಡೆದಿತ್ತು.

ಹಳೆಯ ಸಂಘಟಕಿ

ಆ ಮಾತು ಒಪ್ಪಿದೆ. ಒಬ್ಬನೇ ಮಾಲೀಕ ಇರುವಲ್ಲಿ ಹೊರಡುವುದಾದರೂ ಎಲ್ಲಿಗೆ? ಸಂಘದ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನಾನು ಈ ಪ್ರಶ್ನೆಯನ್ನು ನಮ್ಮವರ ಸಭೆಗಳಲ್ಲೇ ಎತ್ತಿ ಬೈಸಿಕೊಂಡಿದ್ದೇನೆ.

ಆದರೆ ಎರಡೇ ದಾರಿಗಳಿವೆ ಎಂದುಕೊಳ್ಳಬೇಕಾಗಿಲ್ಲ. ಜರ್ಮನಿಯಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನಗಳು ನೌಕರರ ಪ್ರತಿನಿಧಿಗಳಿಗೆ ಎಂದು 1976ರ ಕಾನೂನು ಹೇಳುತ್ತದೆ. ಮತಗಳು ಸಮಸಮವಾದರೆ ಅಧ್ಯಕ್ಷರಿಗೆ ಎರಡನೇ ಮತವಿದೆ, ಅಧ್ಯಕ್ಷರು ಷೇರುದಾರರ ಕಡೆಯವರೇ ಆಗಿರುವುದು ವಾಡಿಕೆ. ಹಾಗಾಗಿ ಅರ್ಧವೆಂದರೆ ಅರ್ಧಕ್ಕಿಂತ ಕೂದಲೆಳೆ ಕಡಿಮೆ. ಆದರೂ ಹಾಜರಿ ಯಂತ್ರ ಎಲ್ಲಿರಬೇಕು ಎಂಬಂಥ ವಿಷಯಕ್ಕೆ ಆ ಮಂಡಳಿಗಿಂತ ಮುಖ್ಯವಾದದ್ದು ಅಲ್ಲಿನ ಕಾರ್ಖಾನೆ ಮಟ್ಟದ ನೌಕರರ ಸಮಿತಿ. ಕೆಲಸದ ವೇಳೆ ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯಬೇಕು, ನೌಕರರ ಮೇಲೆ ನಿಗಾ ಇಡುವ ಯಂತ್ರಗಳನ್ನು ಹೇಗೆ ಬಳಸಬೇಕು ಎಂಬ ವಿಷಯಗಳಲ್ಲಿ ಸಮಿತಿ ಇರುವ ಕಡೆ ಅದರ ಒಪ್ಪಿಗೆ ಬೇಕೇ ಬೇಕು. ಖಾಲಿ ಜಾಗ ಅಲ್ಲಿಯೂ ಇದೆ, ತುಂಬುವ ಲೇಖನಿಯನ್ನು ಮಾತ್ರ ಇಬ್ಬರೂ ಹಿಡಿದಿರುತ್ತಾರೆ.

ಇನ್ನೂ ಮುಂದೆ ಹೋದವರು ಸ್ಪೇನಿನ ಬಾಸ್ಕ್ ಸೀಮೆಯ ಮೊಂಡ್ರಾಗನ್‌ನವರು. ಒಬ್ಬ ಪಾದ್ರಿಯ ಬಳಿ ಓದಿದ ಐವರು ಯುವಕರು 1956ರಲ್ಲಿ ಶುರುಮಾಡಿದ ಕೆಲಸ ಇಂದು ಹತ್ತಾರು ಸಹಕಾರಿಗಳ ಕೂಟವಾಗಿ ಬೆಳೆದಿದೆ. ಸದಸ್ಯ ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ ಮತ ಒಂದೇ. ಅಲ್ಲಿಯೂ ಎಲ್ಲವೂ ನೆಟ್ಟಗಿಲ್ಲ. ಅವರ ಗೃಹೋಪಯೋಗಿ ಯಂತ್ರಗಳ ಕಂಪನಿ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಅನೇಕರಿಗೆ ಸೋದರ ಸಹಕಾರಿಗಳು ಜಾಗ ಮಾಡಿಕೊಟ್ಟವು, ಆದರೆ ಹೊರದೇಶಗಳ ಘಟಕಗಳಲ್ಲಿ ಬರೀ ಸಂಬಳಕ್ಕೆ ದುಡಿಯುತ್ತಿದ್ದವರು ಸದಸ್ಯರೇ ಆಗಿರಲಿಲ್ಲ. ಮಾಲೀಕರಾದ ಕಾರ್ಮಿಕರಿಗೂ ಕೈಕೆಳಗೆ ಕಾರ್ಮಿಕರು ಬೇಕಾದರು ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಸಣ್ಣ ಉದ್ಯಮಿ

ನಿನ್ನೆ ರಾತ್ರಿ ನಮ್ಮ ನೇಮಕಾತಿ ಪತ್ರವನ್ನು ತೆಗೆದು ಓದಿದೆ. ಉದ್ಯಮ ಶುರುಮಾಡಿದಾಗ ದೊಡ್ಡ ಕಂಪನಿಯೊಂದರ ಪತ್ರವನ್ನು ಯಾರಿಂದಲೋ ಪಡೆದು ಹೆಸರು ಮಾತ್ರ ಬದಲಿಸಿಕೊಂಡಿದ್ದೆ. ಅಂದಿನಿಂದ ಇಂದಿನವರೆಗೆ ಪೂರ್ತಿ ಓದಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ನೌಕರ ಹೊರಡುವುದಾದರೆ ಮೂರು ತಿಂಗಳ ನೋಟಿಸ್ ಕೊಡಬೇಕು, ನಾನು ಕಳುಹಿಸುವುದಾದರೆ ಒಂದು ತಿಂಗಳು ಸಾಕು ಎಂದಿದೆ. ಹಿಂದೆ ಹೇಳಿದ ಆ ಹುಡುಗ ಹೋಗುವಾಗ ಮೂರು ತಿಂಗಳು ಏಕೆ ಎಂದು ಕೇಳಿದ್ದ, ಪತ್ರದಲ್ಲಿ ಇದೆ ಎಂದು ಉತ್ತರ ಕೊಟ್ಟಿದ್ದೆ. ಇಬ್ಬರಿಗೂ ಒಂದೇ ತಿಂಗಳು ಎಂದು ತಿದ್ದಿ ಇಂದು ಬೆಳಿಗ್ಗೆ ಹೊಸ ಪ್ರತಿ ಟೈಪ್ ಮಾಡಿಸಿದ್ದೇನೆ.

ಮೂರನೇ ಪಾಳಿಯವರ ಆರನೇ ಷರತ್ತು ನಮ್ಮಲ್ಲಿ ಒಂಬತ್ತನೆಯದು. ಅದರ ಮೇಲೆ ಗೆರೆ ಎಳೆಯಲು ಪೆನ್ನು ಹಿಡಿದವನು ಸುಮಾರು ಹೊತ್ತು ಹಾಗೆಯೇ ಕುಳಿತಿದ್ದೆ. ನಾಳೆ ತುರ್ತು ಆರ್ಡರ್ ಬಂದರೆ, ಒಬ್ಬರು ರಜೆ ಹಾಕಿದರೆ, ಆ ಸಾಲಿಲ್ಲದೆ ಕೆಲಸ ನಡೆಸುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ಅದನ್ನು ಹಾಗೆಯೇ ಬಿಟ್ಟು ಪತ್ರವನ್ನು ಹನ್ನೆರಡು ಜನರ ಮುಂದೆ ಇಟ್ಟಿದ್ದೇನೆ, ಆ ಸಾಲನ್ನು ಹೇಗೆ ತಿದ್ದಬೇಕೆಂದು ಅವರೇ ಬರೆದು ಕೊಡಲಿ ಎಂದು. ಮಧ್ಯಾಹ್ನದವರೆಗೆ ಯಾರೂ ಏನೂ ಬರೆದಿಲ್ಲ. ಹಿರಿಯ ಕೆಲಸಗಾರರೊಬ್ಬರು ಮಾತ್ರ ಬಂದು, ಬರೆದವರ ಹೆಸರು ತಮಗೆ ಗೊತ್ತಾಗುತ್ತದೆಯೇ ಸರ್ ಎಂದು ಕೇಳಿಹೋದರು.